ನೆಟ್ಟಗೆ ಉರಿದ ದೀಪ

ಕೊತ್ತತ್ತಿಯಿಂದ ಮಂಡ್ಯಕ್ಕೆ ಹೋಗುವ ಹಾದಿಯಲ್ಲಿ, ಕಾಲುವೆ ಏರಿಯ ಕೆಳಗೆ ಸಾಹುಕಾರ ರಾಮಲಿಂಗಯ್ಯನವರ ಅಕ್ಕಿ ಮಿಲ್ಲಿತ್ತು. ಅದರ ಇಂಜಿನ್ ನಡೆಸುತ್ತಿದ್ದವನು ಮರಿಸಿದ್ದಯ್ಯ. ಅವನ ಹೆಂಡತಿ ಹೊಂಬಾಳಮ್ಮ ಅದೇ ಮಿಲ್ಲಿನಲ್ಲಿ ಅಕ್ಕಿ ಕೇರುತ್ತಿದ್ದಳು. ಗಂಡ ಹೆಂಡಿರಿಬ್ಬರೂ ಬೆಳಿಗ್ಗೆ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುತ್ತಿದ್ದರೂ ಇಂಜಿನ್ ಮನೆಯೊಳಗೆ ಅವನು ಏನು ಮಾಡುತ್ತಾನೆ ಎಂಬುದು ಅವಳಿಗೆ ಅಷ್ಟಕ್ಕಷ್ಟೇ ಗೊತ್ತಿತ್ತು. ಅದು ಅವಳ ದಡ್ಡತನವಲ್ಲ. ನಮ್ಮ ಗಂಡಸರ ಚಾಳಿಯೇ ಹಾಗೆ. ಎತ್ತಿನ ಕಾಲುನೋವಿನಿಂದ ಹಿಡಿದು ಜರ್ಮನಿಯ ಯುದ್ಧದವರೆಗೆ ಎಲ್ಲವನ್ನೂ ಹೆಂಡತಿಯ ಮುಂದೆ ಹೇಳಿಯಾರು, ತಾವು ಯಾವುದಕ್ಕೆ ಹೆದರುತ್ತೇವೆ ಎಂಬುದೊಂದನ್ನು ಬಿಟ್ಟು.

ಮರಿಸಿದ್ದಯ್ಯ ಹೆದರುತ್ತಿದ್ದದ್ದು ಆ ಇಂಜಿನ್ನಿಗೇ. ಕ್ರೂಡಾಯಿಲ್ ಕುಡಿದು ಓಡುವ ಹಳೆಯ ಇಂಜಿನ್ ಅದು, ಒಂದೇ ಸಿಲಿಂಡರು, ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಚಕ್ರ. ಬೆಳಿಗ್ಗೆ ಅದನ್ನು ಎಬ್ಬಿಸಬೇಕಾದರೆ ಚಕ್ರದ ಕಡ್ಡಿಯ ಮೇಲೆ ಕಾಲಿಟ್ಟು, ಮೈಭಾರವನ್ನೆಲ್ಲ ಹಾಕಿ ತುಳಿಯಬೇಕು. ಒಂದು ಸುತ್ತು ತಿರುಗಿ ಡುಬ್ ಎಂದು ಹತ್ತಿಕೊಂಡರೆ ಆಮೇಲೆ ಸಂಜೆಯವರೆಗೆ ಅದರ ಸದ್ದು ಕೊತ್ತತ್ತಿಯ ಹಿತ್ತಿಲುಗಳಿಗೂ ಕೇಳಿಸುತ್ತಿತ್ತು. ಊರಿನವರಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ ಅದು ನಿಂತಾಗ ಮಾತ್ರ ತಲೆಯೆತ್ತಿ ನೋಡುತ್ತಿದ್ದರು.

ಅವನ ಹೆದರಿಕೆಗೆ ಕಾರಣವಿತ್ತು. ಮದುವೆಗೆ ಮುಂಚೆ ಅವನು ಮಳವಳ್ಳಿ ಕಡೆಯ ಒಂದು ಮಿಲ್ಲಿನಲ್ಲಿ ಚಿಕ್ಕಬೋರಯ್ಯ ಎಂಬ ಡ್ರೈವರನ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಸಿಲಿಂಡರು ಕಾಯದಿರಲೆಂದು ಅದರ ಸುತ್ತ ತೊಟ್ಟಿಯಿಂದ ನೀರು ಹರಿಯುತ್ತಿರುತ್ತದೆ. ಅಲ್ಲಿ ಕಬ್ಬಿಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಜಿನ್ ನಿಂತಿದ್ದಾಗ ನೀರು ಒಳಕ್ಕೆ ಜಿನುಗಿ ತುಂಬಿಕೊಂಡಿತ್ತು. ಗಾಳಿಯಾದರೆ ಒತ್ತಿದಷ್ಟೂ ಅಡಗುತ್ತದೆ, ನೀರು ಅಡಗುವುದಿಲ್ಲ. ಚಿಕ್ಕಬೋರಯ್ಯ ಚಕ್ರ ತುಳಿದ. ಕಬ್ಬಿಣ ಸಿಡಿಯಿತು. ಎಣ್ಣೆ ಡಬ್ಬ ಹಿಡಿದು ಪಕ್ಕದಲ್ಲೇ ನಿಂತಿದ್ದ ಮರಿಸಿದ್ದಯ್ಯನಿಗೆ ಒಂದು ಗೀರೂ ಆಗಲಿಲ್ಲ. ಚಿಕ್ಕಬೋರಯ್ಯನನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ಕಳಿಸಿದರು.

ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಅವನು ಅದನ್ನು ಹೊಂಬಾಳಮ್ಮನಿಗೆ ಹೇಳಿದ್ದ, ಅದೂ ಅರ್ಧಂಬರ್ಧ. "ಅದ್ರ ಒಟ್ಟೇಲಿ ನೀರು ತುಂಬ್ಕಂಡಿತ್ತು ಕಣಮ್ಮಿ. ಕಾಲಿಟ್ಟು ತುಳೀತಿದ್ದಂಗೇ ಸಿಡೀತು." ಅಷ್ಟು ಹೇಳಿ ಎದ್ದು ಹೊರಗೆ ಹೋದವನು ಮತ್ತೆ ಆ ಸುದ್ದಿ ಎತ್ತಲಿಲ್ಲ. ಅವಳೂ ಕೇಳಲಿಲ್ಲ.

ಆ ಹೆದರಿಕೆಯನ್ನು ಕಟ್ಟಿಕೊಂಡು ಬದುಕುವ ದಾರಿ ಹೇಳಿಕೊಟ್ಟವರು ಮದ್ದೂರಿನ ಖಾಸಿಂ ಸಾಬರು. ಸುತ್ತಮುತ್ತಲ ಮಿಲ್ಲುಗಳ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದವರು ಅವರೇ. ರಾಮಲಿಂಗಯ್ಯನವರ ಇಂಜಿನ್ ಮನೆಯ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದು ಹಣತೆ ಇತ್ತು. ಮಿಲ್ಲು ಶುರುವಾದ ದಿನದಿಂದ ಬೆಳಿಗ್ಗೆ ಇಂಜಿನ್ ಎಬ್ಬಿಸುವ ಮುಂಚೆ ಅಲ್ಲಿ ಮುತ್ತೈದೆಯೊಬ್ಬಳು ದೀಪ ಹಚ್ಚುವುದು ವಾಡಿಕೆ. ಸಾಬರು ಅದನ್ನು ನೋಡಿ, "ಮನೆ ಎಣ್ಣೆ ಯಾಕ್ಲಾ ಆಕೀಯೆ? ಇಂಜಿನ್ನಿನ ತಳದ ನಲ್ಲಿ ಬುಟ್ಟು, ಅದ್ರೆಣ್ಣೆ ಇಡ್ಕಂಡು ಅದ್ರಲ್ಲೇ ಅಚ್ಚು. ಎಣ್ಣೇಲಿ ಒಂದು ತೊಟ್ಟು ನೀರಿದ್ರೂ ಬತ್ತಿ ಚಟಪಟ ಅಂತದೆ. ಅಂಗಂದ ದಿನ ಚಕ್ರ ತುಳೀಬ್ಯಾಡ. ಮೇಲಿನ ನಲ್ಲಿ ತೆಗ್ದು, ಕೈಯಾಗೆ ನಿಧಾನುಕ್ಕೆ ಚಕ್ರ ತಿರುಗ್ಸಿ, ಒಳಗಿರೋದ್ನೆಲ್ಲ ಆಚೆಗೆ ಬುಡು. ಆಮೇಲೆ ನಂಗೆ ಯೋಳಿ ಕಳ್ಸು" ಎಂದಿದ್ದರು.

ಅಂದಿನಿಂದ ದೀಪ ಹಚ್ಚುವ ಕೆಲಸ ಹೊಂಬಾಳಮ್ಮನ ಪಾಲಿಗೆ ಬಂತು. ಹಣತೆಗೆ ಎಣ್ಣೆ ಹಿಡಿದಿಡುವುದು ಅವನು, ಬತ್ತಿ ಹೊಸೆದು ಹಚ್ಚುವುದು ಅವಳು. ಇಂಜಿನ್ನಿನ ಎಣ್ಣೆಯೇ ಏಕೆ ಎಂದು ಅವಳು ಕೇಳಿದಾಗ ಮರಿಸಿದ್ದಯ್ಯ ನಿಜ ಹೇಳಬಹುದಿತ್ತು. ಹೇಳಿದರೆ ಅವಳು ದಿನವೂ ಜೀವ ಕೈಯಲ್ಲಿ ಹಿಡಿದುಕೊಂಡು ಅಕ್ಕಿ ಕೇರಬೇಕಾಗುತ್ತದೆ ಎಂದು ಅವನ ಲೆಕ್ಕ. "ದ್ಯಾವ್ರ ದೀಪ ಕಣಮ್ಮಿ. ಇಂಜಿನ್ನು ತನ್ನೆಣ್ಣೇಲೇ ತಾನು ಬೆಳಗ್ಬೇಕು. ನೆಟ್ಟಗೆ ಉರುದ್ರೆ ಸಾಕು" ಎಂದುಬಿಟ್ಟ. ಅವಳು ನಂಬಿದಳು. ನಂಬದೆ ಇನ್ನೇನು ಮಾಡಿಯಾಳು, ಹೇಳಿದವನು ಗಂಡ.

ಇದೆಲ್ಲ ಯುದ್ಧದ ಕಾಲದ ಮಾತು. ಸೀಮೆಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ. ಬಸ್ಸುಗಳು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಇಂಜಿನ್ನಿಗೆ ಹಾಕುವ ಒಳ್ಳೆ ಎಣ್ಣೆ ಸಿಗುತ್ತಿರಲಿಲ್ಲ. ಸಿಕ್ಕಷ್ಟಕ್ಕೆ ಹರಳೆಣ್ಣೆ ಬೆರೆಸಿ ಹಾಕುತ್ತಿದ್ದರು. ಯಾವುದಾದರೂ ಭಾಗ ಮುರಿದರೆ ಬೇರೆ ಭಾಗ ಹಡಗಿನಲ್ಲಿ ಬರಬೇಕು, ಹಡಗುಗಳು ಸಮುದ್ರದ ತಳ ಸೇರುತ್ತಿದ್ದವು.

ಸಂಕ್ರಾಂತಿ ಮುಗಿದು, ಸುತ್ತಲ ಊರುಗಳ ಬತ್ತವೆಲ್ಲ ಗಾಡಿ ಗಾಡಿಯಾಗಿ ಮಿಲ್ಲಿಗೆ ಬಂದು ಬೀಳುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ದೀಪ ಸಿಡಿಯಿತು.

ಹೊಂಬಾಳಮ್ಮ ಬತ್ತಿಗೆ ಕಡ್ಡಿ ತಾಗಿಸಿದ್ದಳು. ಉರಿ ಎದ್ದಿತು, ಒಂದು ಕ್ಷಣ ತಡವರಿಸಿತು, ಚಟ್ ಎಂದು ಕಿಡಿ ಹಾರಿತು. ಇನ್ನೊಂದು, ಮತ್ತೊಂದು. ಅವಳು ಬೆಚ್ಚಿ ಹಿಂದಕ್ಕೆ ಸರಿದು ಗಂಡನ ಮುಖ ನೋಡಿದಳು. ಆ ಮುಖ ಅವಳಿಗೆ ಗುರುತೇ ಸಿಗಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಅವನು ದೀಪವನ್ನು ನೋಡುತ್ತಿರಲಿಲ್ಲ, ಚಕ್ರವನ್ನು ನೋಡುತ್ತಿದ್ದ.

"ಏನಾಯ್ತು ಕಣಿ?"

"ಏನಿಲ್ಲ. ನೀ ಓಗು, ಕೆಲ್ಸ ನೋಡು."

ಅವನು ನೇರ ಸಾಹುಕಾರರ ಬಳಿಗೆ ಹೋದ. ರಾಮಲಿಂಗಯ್ಯನವರು ಕೆಟ್ಟವರಲ್ಲ, ಆದರೆ ಅಂಗಳದಲ್ಲಿ ಬತ್ತದ ರಾಶಿ ಇಟ್ಟುಕೊಂಡ ಯಾವ ಮನುಷ್ಯನೂ ಇಂಜಿನ್ ನಿಲ್ಲಿಸು ಎನ್ನಲಾರ. "ಖಾಸಿಂಗೆ ಯೋಳಿ ಕಳುಸ್ತೀನಿ ಕಣ್ಲಾ. ಆವಯ್ಯ ಇದ್ಲು ಬಸ್ಸುಗಳ ಕೆಲ್ಸಕ್ಕೆ ಸಿಗಾಕ್ಕೊಂಡವ್ನೆ. ಬರೋಗಂಟ ನೀನೇ ಉಸಾರಾಗಿ ನಡ್ಸು" ಎಂದರು.

ಮರಿಸಿದ್ದಯ್ಯ ಹುಷಾರಾಗಿ ನಡೆಸಿದ. ಮೇಲಿನ ನಲ್ಲಿ ತೆಗೆದು, ಕೈಯಿಂದಲೇ ಚಕ್ರವನ್ನು ಗೇಣು ಗೇಣಾಗಿ ತಿರುಗಿಸಿದ. ಒಳಗಿಂದ ನೀರು ಪಿಚಕ್ಕೆಂದು ಹಾರಿತು. ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೂ ಮತ್ತೊಮ್ಮೆ ತಿರುಗಿಸಿದ. ಆಮೇಲೆ ಕಡ್ಡಿಯ ಮೇಲೆ ಕಾಲಿಟ್ಟಾಗ ಅವನಿಗೆ ಚಿಕ್ಕಬೋರಯ್ಯನ ಕಾಲು ಕಣ್ಮುಂದೆ ಬಂತು. ಕಣ್ಣು ಮುಚ್ಚಿ ತುಳಿದ. ಹತ್ತಿಕೊಂಡಿತು. ಅವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಮಾರನೆಯ ದಿನವೂ ಸಿಡಿಯಿತು, ಅದರ ಮಾರನೆಯ ದಿನವೂ. ಬಿರುಕು ಇರುವುದು ನಿಜ, ಬೆಳೆಯುತ್ತಿರುವುದೂ ನಿಜ. ದಿನವೂ ನೀರು ತೆಗೆಯುತ್ತಿದ್ದ, ದಿನವೂ ಕಣ್ಣು ಮುಚ್ಚಿ ತುಳಿಯುತ್ತಿದ್ದ. ಮನೆಗೆ ಬಂದರೆ ಮುದ್ದೆ ಮುರಿದು ಹಾಗೇ ಕೈ ತೊಳೆಯುತ್ತಿದ್ದ. ನಿದ್ದೆಯಲ್ಲಿ ಕಾಲು ಒದರುತ್ತಿದ್ದ. ಹೊಂಬಾಳಮ್ಮ ಕೇಳಿದಳು, ಬೇಡಿದಳು, ಕೊನೆಗೆ ರೇಗಿದಳು. "ಏನಿಲ್ಲ ಬುಡಮ್ಮಿ" ಎಂಬುದೊಂದೇ ಉತ್ತರ. ಈ ಮಾತಿನಷ್ಟು ಹೆದರಿಸುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಗಂಡ ಹೇಳದಿದ್ದರೇನು, ಹೇಳುವವರಿಗೆ ಬರವೇ? ಪಕ್ಕದಲ್ಲಿ ಕೂತು ಅಕ್ಕಿ ಕೇರುತ್ತಿದ್ದ ಅಂಕಮ್ಮ ಮೊರ ಕೆಳಗಿಟ್ಟು, "ದ್ಯಾವ್ರ ದೀಪ ಸಿಡುದ್ರೆ ಒಳ್ಳೇದಲ್ಲ ಕಣಮ್ಮಿ. ನನ್ನ ತಮ್ಮ ಓಗೋ ಮುಂಚೆ ನಮ್ಮನೇಲೂ ಇಂಗೇ ಸಿಡೀತಿತ್ತು. ಎಣ್ಣೆ ಮೈಲಿಗೆಯಾಗಿರ್ಬೇಕು. ನಿನ್ ಗಂಡಂಗೂ ಗೊತ್ತು, ಅದ್ಕೇ ಮಖ ಅಂಗಾಗದೆ" ಎಂದಳು.

ಹೊಂಬಾಳಮ್ಮ ಲೆಕ್ಕ ಹಾಕಿ ನೋಡಿದಳು. ಎಲ್ಲವೂ ಸರಿಹೊಂದುತ್ತಿತ್ತು. ದೀಪ ಸಿಡಿದ ದಿನವೇ ಅವನ ಊಟ ನಿಂತಿತ್ತು. ಸಿಡಿಯುವ ದೀಪ ಅವನನ್ನು ತಿನ್ನುತ್ತಿದೆ ಎಂದು ಅವಳು ತೀರ್ಮಾನಿಸಿದಳು. ಅವಳ ತೀರ್ಮಾನದಲ್ಲಿ ತಪ್ಪಿರಲಿಲ್ಲ, ಹಾಗೆ ನೋಡಿದರೆ. ಪರಿಹಾರ ಹುಡುಕಿದ್ದರಲ್ಲೇ ಎಡವಟ್ಟಾದದ್ದು.

ಮರುದಿನ ಮನೆಯ ಹರಳೆಣ್ಣೆಯನ್ನು ಒಂದು ಸಣ್ಣ ಸೀಸೆಗೆ ತುಂಬಿ ಮಡಿಲಲ್ಲಿ ಇಟ್ಟುಕೊಂಡು ಹೋದಳು. ಮರಿಸಿದ್ದಯ್ಯ ಹಣತೆಗೆ ಇಂಜಿನ್ನಿನ ಎಣ್ಣೆ ಹಿಡಿದಿಟ್ಟು, ತೊಟ್ಟಿಗೆ ನೀರು ತುಂಬಲು ಆಚೆ ಹೋದ. ಅವಳು ಹಣತೆಯ ಎಣ್ಣೆಯನ್ನು ಹೊಟ್ಟಿನ ರಾಶಿಗೆ ಚೆಲ್ಲಿ, ಸೆರಗಿನಿಂದ ಹಣತೆ ಒರೆಸಿ, ಮನೆಯ ಎಣ್ಣೆ ಹುಯ್ದು, ಹೊಸ ಬತ್ತಿ ಹಾಕಿ ಹಚ್ಚಿದಳು. ದೇವರಿಗೆ ಮೋಸ ಮಾಡುತ್ತಿದ್ದೇನೆಂದು ಹೆದರಿಕೆ. ತಪ್ಪಿದ್ದರೆ ನನಗೇ ತಟ್ಟಲಿ, ಅವನಿಗೆ ಬೇಡ ಎಂದು ಬೇಡಿಕೊಂಡಳು. ದೀಪ ನೆಟ್ಟಗೆ ಉರಿಯಿತು.

ಅವನು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಬಹಳ ಹೊತ್ತು ದೀಪವನ್ನೇ ನೋಡಿದ.

"ಸಿಡೀನಿಲ್ವಾ?"

"ಇಲ್ಲ ಕಣಿ. ನೋಡಿ, ಎಷ್ಟು ನೆಟ್ಟಗೆ ಉರೀತಾದೆ."

ಅವನು ಉಸಿರು ಬಿಟ್ಟ. ಆ ಉಸಿರಿಗೆ ದೀಪ ಅಲುಗಿತು. ಮುಖದ ತುಂಬ ನಗು ಬಂತು. ಆ ನಗುವನ್ನು ನೋಡಿ ಅವಳಿಗೆ ಬದುಕಿದೆನೆನಿಸಿತು.

ಅವತ್ತೂ ಅವನು ಮೇಲಿನ ನಲ್ಲಿ ತೆಗೆದು ನೀರು ಬಿಟ್ಟ, ಅನುಮಾನಕ್ಕೆ. ಮಾರನೆಯ ದಿನವೂ ದೀಪ ನೆಟ್ಟಗೆ ಉರಿದದ್ದನ್ನು ಕಂಡು ಅವನೇ ಕಾರಣ ಹುಡುಕಿಕೊಂಡ. ಚಳಿಗಾಲ, ರಾತ್ರಿಯ ಮಂಜು ಎಣ್ಣೆ ಡಬ್ಬಕ್ಕೆ ಇಳಿದಿರಬೇಕು. ಈಗ ಇಂಜಿನ್ ಕಾದು ಕಾದು ಆ ನೀರೆಲ್ಲ ಆರಿಹೋಗಿರಬೇಕು. ನಲ್ಲಿಯಿಂದ ಹಾರಿದ ನೀರನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಹೆದರಿ ಹೆದರಿ ದಣಿದ ಮನುಷ್ಯ ನೆಮ್ಮದಿ ಕೊಡುವ ಸುಳ್ಳನ್ನು ಎರಡೂ ಕೈ ಚಾಚಿ ಅಪ್ಪಿಕೊಳ್ಳುತ್ತಾನೆ. ಆಮೇಲೆ ನಲ್ಲಿ ತೆಗೆಯುವುದನ್ನು ಬಿಟ್ಟ. ಬೆಳಗಿನ ಮಬ್ಬಿನಲ್ಲಿ ಹಣತೆಗೆ ಹಿಡಿಯುವ ಎಣ್ಣೆಯ ಬಣ್ಣವನ್ನೂ ನೋಡಲಿಲ್ಲ. ನೇರ ಹೋಗಿ ಚಕ್ರ ತುಳಿಯತೊಡಗಿದ. ಯಾವ ಪುಣ್ಯವೋ, ಒಳಗೆ ಇಳಿದ ನೀರು ಆ ದಿನಗಳಲ್ಲಿ ಸಂದಿಯಿಂದ ಸೋರಿ ತಳದ ಎಣ್ಣೆಗೆ ಸೇರುತ್ತಿತ್ತು, ಮೇಲೆ ನಿಲ್ಲುತ್ತಿರಲಿಲ್ಲ.

ಮನೆಯಲ್ಲಿ ಎರಡು ಮುದ್ದೆ ಉಣ್ಣತೊಡಗಿದ. ಹೆಂಡತಿಯನ್ನು ಕೀಟಲೆ ಮಾಡತೊಡಗಿದ. ಹಾಸಿಗೆಗೆ ಬಿದ್ದರೆ ಗೊರಕೆ. ಸಾಹುಕಾರರಂತೂ, "ನೋಡ್ದಾ, ಸುಮ್ಕೆ ಎದುರ್ಸ್ಬುಟ್ಟೆ" ಎಂದು ನಕ್ಕರು. ಹೊಂಬಾಳಮ್ಮ ಒಳಗೊಳಗೇ ಬೀಗಿದಳು. ಗಂಡನ ಜೀವ ಉಳಿಸಿದ್ದು ತಾನು ಎಂದುಕೊಂಡಳು. ಅವಳ ಕೈಯಲ್ಲಿದ್ದದ್ದು ಏನೆಂದು ಆಗಲೇ ಯಾರಾದರೂ ಹೇಳಿದ್ದರೆ ಆ ಸೀಸೆಯನ್ನು ಕಾಲುವೆಗೆ ಎಸೆದು ಅಳುತ್ತಿದ್ದಳೇನೋ. ಹೇಳುವವರು ಯಾರೂ ಇರಲಿಲ್ಲ.

ಮನೆಯ ಎಣ್ಣೆ ಮುಗಿಯುತ್ತ ಬಂತು. ಒಂದು ದಿನ ದೀಪ ಹಚ್ಚಿದವಳೇ, ಹರಳು ಕಾಯಿಸಬೇಕೆಂದು ಹೇಳಿ ಮನೆಗೆ ಮರಳಿದಳು. ಹರಳು ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು ಇನ್ನೊಂದು ಮಡಕೆಗೆ ಹಾಕಿದಳು. ಆ ಎಣ್ಣೆಯನ್ನು ಮತ್ತೆ ಒಲೆಯ ಮೇಲಿಟ್ಟು ಕಾಯಿಸಬೇಕು, ಅದರಲ್ಲಿ ಉಳಿದ ನೀರಿನ ಪಸೆ ಹೋಗುವವರೆಗೂ. ನೀರಿರುವವರೆಗೆ ಎಣ್ಣೆ ಸದ್ದು ಮಾಡುತ್ತದೆ. ಸದ್ದು ನಿಂತರೆ ಎಣ್ಣೆ ಹದಕ್ಕೆ ಬಂತೆಂದು ಅರ್ಥ. ಇದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ, ಲಂಗ ಉಡುವ ವಯಸ್ಸಿನಿಂದ ನೋಡಿದ್ದಳು.

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದಳು. ದೂರದಿಂದ ಇಂಜಿನ್ನಿನ ಡುಬ್ ಡುಬ್ ಕೇಳಿಸುತ್ತಿತ್ತು. ಮಡಕೆಯಲ್ಲಿ ಎಣ್ಣೆ ಚಟಪಟ ಎನ್ನತೊಡಗಿತು. ಒಂದು ಹನಿ ಒಲೆಗೆ ಸಿಡಿದು ಕಿಡಿಯಾಯಿತು.

ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

ಅದೇ ಸದ್ದು. ಗೂಡಿನ ದೀಪದಲ್ಲಿ ಕೇಳಿದ್ದು ಇದೇ ಸದ್ದು. ಎಣ್ಣೆಯಲ್ಲಿ ನೀರಿದ್ದರೆ ಬರುವ ಸದ್ದು. ಹಾಗಾದರೆ ಇಂಜಿನ್ನಿನ ಎಣ್ಣೆಯಲ್ಲಿ ನೀರಿತ್ತು. ಮೈಲಿಗೆಯಲ್ಲ, ನೀರು. ಎಲ್ಲಿಂದ ಬಂತು ನೀರು? ಅದ್ರ ಒಟ್ಟೇಲಿ ನೀರು ತುಂಬ್ಕಂಡಿತ್ತು ಕಣಮ್ಮಿ. ವರ್ಷಗಳ ಹಿಂದೆ ಕೇಳಿದ ಗಂಡನ ಮಾತು ಈಗ ಕಿವಿಯ ಪಕ್ಕದಲ್ಲಿ ಯಾರೋ ಆಡಿದ ಹಾಗೆ ಕೇಳಿಸಿತು. ಬೆಳಿಗ್ಗೆ ಬೆಳಿಗ್ಗೆ ಅವನು ದೀಪದ ಮುಂದೆ ನಿಂತು ನೋಡುತ್ತಿದ್ದದ್ದು ದೇವರನ್ನಲ್ಲ. ಸಿಡಿದ ದಿನ ಮುಖ ಬಿಳಿಚಿಕೊಂಡದ್ದು ಶಕುನಕ್ಕಲ್ಲ. ನೆಟ್ಟಗೆ ಉರಿದ ದಿನ ನಕ್ಕದ್ದು, ನಕ್ಕು ಹೋಗಿ ಚಕ್ರ ತುಳಿದದ್ದು...

ಅವಳ ಬಾಯಿಂದ ಒಂದು ಸದ್ದು ಹೊರಟಿತು, ಮಾತಲ್ಲ. ಎಣ್ಣೆಯನ್ನು ಒಲೆಯ ಮೇಲೆ ಹಾಗೇ ಬಿಟ್ಟು ಓಡಿದಳು.

ಊರ ಬಾಗಿಲು ದಾಟಿ ಕಾಲುವೆ ಏರಿ ಹತ್ತಿದಾಗ ಇಂಜಿನ್ನಿನ ಸದ್ದು ಇನ್ನೂ ಬರುತ್ತಿತ್ತು. ಸದ್ದಿದೆ ಎಂದರೆ ಅವನಿದ್ದಾನೆ ಎಂದು ಅದನ್ನೇ ಹಿಡಿದುಕೊಂಡು ಓಡಿದಳು. ಹಾಗೆಯೇ ಪ್ರತಿ ಡುಬ್ಬಿಗೂ ಈಗ ಸಿಡಿಯಿತು, ಈಗ ಸಿಡಿಯಿತು ಎಂದು ಎದೆ ಹಾರುತ್ತಿತ್ತು. ಎದುರಿಗೆ, ಮಂಡ್ಯದ ಕಡೆಯಿಂದ ಯಾರೋ ಮುದುಕರು ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದರು. ಹತ್ತಿರ ಬಂದಾಗ ಕಂಡಿತು, ಖಾಸಿಂ ಸಾಬರು. ಬಸ್ಸಿನ ಕೆಲಸ ಮುಗಿಸಿ, ಸಾಹುಕಾರರಿಗೆ ಕೊಟ್ಟ ಮಾತಿಗೆ ರೈಲು ಹಿಡಿದು ಬಂದಿದ್ದರು. ಮಿಲ್ಲಿನ ತಿರುವಿನಲ್ಲಿ ಇಬ್ಬರೂ ಎದುರಾದರು, ಅಲ್ಲಿಂದ ಮಿಲ್ಲು ಇನ್ನೂ ದೂರವಿತ್ತು.

"ಯಾಕ್ ತಂಗ್ಯವ್ವ, ಇಂಗ್ ಓಡ್ತಿದ್ದೀಯೆ?"

ಅವಳು ಏದುತ್ತ ಎಲ್ಲವನ್ನೂ ಒದರಿದಳು. ದೀಪ ಸಿಡಿದದ್ದು, ಎಣ್ಣೆ ಬದಲಿಸಿದ್ದು, ಅವನು ನಗುನಗುತ್ತ ತುಳಿಯುತ್ತಿರುವುದು. ಮುದುಕರ ಮುಖ ಕೇಳುತ್ತ ಕೇಳುತ್ತ ಕರ್ರಗಾಯಿತು. "ಯಾ ಅಲ್ಲಾ" ಎಂದರು. "ದಿನಾ ನೀರು ತೆಗೀತವ್ನೋ ಇಲ್ವೋ?"

"ಇಲ್ಲ. ಮೊದ್ಲು ಕೈಯಾಗೆ ಚಕ್ರ ತಿರುಗುಸ್ತಿದ್ರು, ಈಗೀಗ ಅದೂ ಇಲ್ಲ. ಬಂದವ್ರೆ ತುಳೀತಾರೆ."

ಅಷ್ಟರಲ್ಲಿ ಇಂಜಿನ್ನಿನ ಸದ್ದು ನಿಂತಿತು.

ಸುತ್ತಲ ಗದ್ದೆಯಲ್ಲಿ ಒಮ್ಮೆಲೇ ಹಕ್ಕಿಗಳ ದನಿ ಕೇಳಿಸಿತು. ಅವಳು ಉಸಿರು ಕಟ್ಟಿ ಆಲಿಸಿದಳು. ಸಿಡಿದ ಸದ್ದಿಲ್ಲ, ಕೂಗಿಲ್ಲ. ತಾನಾಗಿ ನಿಂತಂತಿತ್ತು. "ನಿಂತೋಯ್ತು! ನಿಂತೋಯ್ತು ಸಾಬ್ರೇ!" ಎಂದಳು. ಕಣ್ಣಲ್ಲಿ ನೀರು ಬಂತು. ಬದುಕಿದ ಎಂದುಕೊಂಡಳು.

ಸಾಬರು ಅವಳ ತೋಳು ಹಿಡಿದು ಅಲುಗಿಸಿದರು. "ನಿಂತಿದ್ದೇ ಕೆಟ್ಟುದ್ದು ಕಣವ್ವ! ಓಡ್ತಿರೋವಾಗ ಒಳೀಕೆ ಬಂದ ನೀರು ಸುಟ್ಟು ಆಚೆಗೆ ಓಯ್ತದೆ. ನಿಂತಾಗ್ಲೇ ಇಳ್ದು ತುಂಬ್ಕಳೋದು. ಬೆಲ್ಟೋ ಏನೋ ಕಿತ್ತಿರ್ಬೇಕು. ಒಲ್ದು ಮತ್ತೆ ಎಬ್ಬುಸ್ತಾನೆ. ಮತ್ತೆ ತುಳೀತಾನೆ! ನಂಗೆ ಓಡಾಕಾಗಾಕಿಲ್ಲ, ನೀ ಓಗು. ಚಕ್ರದ ಮ್ಯಾಲೆ ಕಾಲಿಡ್ಬ್ಯಾಡ ಅನ್ನು. ಓಗವ್ವ!"

ಅವಳು ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ ಏರಿಯ ಮೇಲೆ ಓಡಿದಳು. ಈಗ ಎಲ್ಲವೂ ತಿರುಗುಮುರುಗಾಗಿತ್ತು. ಮೊದಲು ಸದ್ದು ನಿಲ್ಲದಿರಲಿ ಎಂದು ಬೇಡಿದ್ದಳು, ಈಗ ಸದ್ದು ಬಾರದಿರಲಿ ಎಂದು ಬೇಡುತ್ತಿದ್ದಳು. ಒಂದು ಡುಬ್ ಕೇಳಿಸಿದರೆ ಮುಗಿಯಿತು. ಕಾಲಿಗೆ ಕಲ್ಲು ಚುಚ್ಚಿ ರಕ್ತ ಬರುತ್ತಿದ್ದದ್ದು ಗೊತ್ತಾಗಲಿಲ್ಲ. ಗದ್ದೆಯಲ್ಲಿದ್ದವರು ಯಾರೋ ಕೂಗಿ ಕೇಳಿದರು, ಉತ್ತರ ಕೊಡಲು ಉಸಿರಿರಲಿಲ್ಲ. ಎದೆಯ ಬಡಿತವೇ ಕಿವಿಯಲ್ಲಿ ಡುಬ್ ಡುಬ್ ಎಂದು ಕೇಳಿಸಿ ಎರಡು ಸಲ ಇಂಜಿನ್ನೇ ಶುರುವಾಯಿತೆಂದು ಬೆದರಿ ನಿಂತಳು. ನಿಂತದ್ದಕ್ಕೆ ತನ್ನನ್ನೇ ಬೈದುಕೊಂಡು ಮತ್ತೆ ಓಡಿದಳು.

ಮಿಲ್ಲಿನ ಅಂಗಳಕ್ಕೆ ಇಳಿದಾಗ ಕೇರುವ ಹೆಂಗಸರು ಹರಟೆ ಹೊಡೆಯುತ್ತ ಕೂತಿದ್ದರು. ಇಂಜಿನ್ ಮನೆಯ ಬಾಗಿಲಲ್ಲಿ ರಾಮಲಿಂಗಯ್ಯನವರು ನಿಂತು, "ಆಯ್ತೇನ್ಲಾ? ಬೇಗ್ ಬೇಗ್ನೆ ಎಬ್ಬುಸ್ಲಾ, ಗಾಡಿಗಳು ನಿಂತವೆ" ಎನ್ನುತ್ತಿದ್ದರು. ಹೊಲಿದ ಬೆಲ್ಟನ್ನು ಚಕ್ರಕ್ಕೆ ಏರಿಸಿಯಾಗಿತ್ತು. ಮರಿಸಿದ್ದಯ್ಯ ಪಂಚೆ ಎತ್ತಿ ಕಟ್ಟಿ, ಗೋಡೆಯ ಗೂಟವನ್ನು ಒಂದು ಕೈಯಲ್ಲಿ ಹಿಡಿದು, ಬಲಗಾಲನ್ನು ಕಡ್ಡಿಯ ಮೇಲಿಟ್ಟಿದ್ದ.

ಹೊಂಬಾಳಮ್ಮ ಕೂಗಿದಳು. ಗಂಟಲಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಮರಿಸಿದ್ದಯ್ಯ ಮೈಯನ್ನು ಮೇಲಕ್ಕೆತ್ತಿದ. ಅವಳು ಸಾಹುಕಾರರನ್ನು ತಳ್ಳಿಕೊಂಡು ಒಳಗೆ ನುಗ್ಗಿ ಅವನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

"ಬ್ಯಾಡ! ಬ್ಯಾಡ ಕಣಿ, ಇಳೀರಿ!"

"ಏನಮ್ಮಿ ಇದು, ಬುಡು! ಮನೇಲಿ ಏನಾರ ಆಯ್ತಾ?" ಅವನ ಕಾಲು ಇನ್ನೂ ಕಡ್ಡಿಯ ಮೇಲೇ ಇತ್ತು.

"ಎಣ್ಣೇಲಿ ನೀರದೆ. ಒಟ್ಟೇಲಿ ನೀರದೆ. ತುಳೀಬ್ಯಾಡಿ."

"ಯಾರಮ್ಮಿ ಯೋಳಿದ್ದು ನಿಂಗೆ?" ಅವನು ನಕ್ಕ. ಸುತ್ತ ನಿಂತ ಆಳುಗಳೂ ನಕ್ಕರು. ಅವನು ಗೂಡಿನ ಕಡೆ ಕೈ ತೋರಿಸಿದ. "ಅಲ್ ನೋಡು, ನೀನೇ ಅಚ್ಚಿದ್ ದೀಪ. ಬೆಳಿಗ್ಗಿಂದ ಎಂಗೆ ಉರೀತಾದೆ ನೋಡು. ನೀರಿದ್ರೆ ಅಂಗ್ ಉರೀತಿತ್ತಾ?"

ದೀಪ ಅಲುಗದೆ ಉರಿಯುತ್ತಿತ್ತು. ಅವಳಿಗೆ ಅದರ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು.

"ಅದು ಇಂಜಿನ್ನಿನ ಎಣ್ಣೆ ಅಲ್ಲ ಕಣಿ. ನಮ್ಮನೇದು. ನಾನೇ ಬದ್ಲಾಯಿಸ್ದೆ. ದಿನಾ ಬದ್ಲಾಯಿಸ್ತಿದ್ದೆ. ಸಿಡುದ್ರೆ ನೀವು ಉಣ್ತಿರ್ನಿಲ್ಲ... ಅದ್ಕೇ..."

ಅಷ್ಟು ಜನ ಗಂಡಸರ ಮುಂದೆ ಅಷ್ಟನ್ನು ಹೇಳಿ ಅವಳು ಅವನ ಪಂಚೆ ಬಿಡದೆಯೇ ಅಳತೊಡಗಿದಳು. ಯಾರೂ ನಗಲಿಲ್ಲ. ಮರಿಸಿದ್ದಯ್ಯ ಅರ್ಥವಾಗದವನಂತೆ ಅವಳನ್ನು ನೋಡಿದ. ಆಮೇಲೆ ಕೈ ಚಾಚಿ, ಗೂಡಿನ ಹಣತೆಯಲ್ಲಿ ಬೆರಳದ್ದಿ, ಹೆಬ್ಬೆರಳಿಗೆ ಒರೆಸಿ ಮೂಸಿದ. ಮಸಿಯಿಲ್ಲ, ಇಂಜಿನ್ನಿನ ವಾಸನೆಯಿಲ್ಲ. ಅವನ ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆ. ಅವನ ಬಲಗಾಲು ಕಡ್ಡಿಯಿಂದ ನಿಧಾನವಾಗಿ, ಬಹಳ ನಿಧಾನವಾಗಿ ಕೆಳಕ್ಕೆ ಬಂತು.

ಅಷ್ಟು ಹೊತ್ತಿಗೆ ಖಾಸಿಂ ಸಾಬರು ಎದೆ ಹಿಡಿದುಕೊಂಡು ಬಂದು ಮುಟ್ಟಿದರು. ಯಾರನ್ನೂ ಮಾತಾಡಿಸದೆ ನೇರ ಇಂಜಿನ್ನಿನ ಹತ್ತಿರ ಹೋಗಿ ಮೇಲಿನ ನಲ್ಲಿ ತೆಗೆದರು. "ಕೈಯಾಗೆ ತಿರುಗ್ಸ್ರಲಾ, ಮೆಲ್ಲುಕೆ" ಎಂದರು. ಇಬ್ಬರು ಆಳುಗಳು ಚಕ್ರವನ್ನು ಗೇಣಷ್ಟು ಸರಿಸಿದರು.

ನೀರು ಬಂತು. ಹನಿಯಲ್ಲ, ಪಿಚಕಾರಿಯಲ್ಲ, ಧಾರೆ. ಎದುರಿನ ಗೋಡೆಗೆ ಬಡಿದು ನೆಲಕ್ಕೆ ಹರಿಯಿತು. ಇನ್ನೊಂದಿಷ್ಟು ಸರಿಸಿದರು, ಇನ್ನಷ್ಟು ಬಂತು. ಸಾಬರು ತಳದ ನಲ್ಲಿಯನ್ನೂ ಬಿಟ್ಟರು. ಎಣ್ಣೆ ಬರಬೇಕಾದಲ್ಲಿ ಮಜ್ಜಿಗೆಯಂಥದ್ದು ಇಳಿಯಿತು. ರಾಮಲಿಂಗಯ್ಯನವರು "ಸಿವಾ ಸಿವಾ" ಎಂದು ಅಲ್ಲೇ ಬತ್ತದ ಚೀಲದ ಮೇಲೆ ಕೂತುಬಿಟ್ಟರು. ಗಾಡಿಗಳ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

"ಇನ್ನು ಇದ್ನ ಯಾರೂ ಮುಟ್ಬ್ಯಾಡ್ರಿ. ಬಿಚ್ಬೇಕು" ಎಂದರು ಸಾಬರು. ಒಬ್ಬೊಬ್ಬರಾಗಿ ಆಳುಗಳು ಹೊರಗೆ ಹೋದರು.

ಮರಿಸಿದ್ದಯ್ಯ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ನೀರು ಅವನ ಪಂಚೆಯ ಅಂಚನ್ನು ನೆನೆಸುತ್ತಿತ್ತು. ಹೊಂಬಾಳಮ್ಮ ಎದುರಿಗೆ ಕೂತಳು. ಹೊಡೆಯಲಿ ಎಂದು ಕಾಯುತ್ತಿದ್ದಳು. ಹೊಡೆದರೆ ಅವಳಿಗೂ ಹಗುರವಾಗುತ್ತಿತ್ತು. ಅವನು ಹೊಡೆಯಲಿಲ್ಲ.

"ಯಾಕಮ್ಮಿ ನಂಗೆ ಯೋಳ್ನಿಲ್ಲ?" ಎಂದ ಕೊನೆಗೆ.

"ನೀವ್ ಯಾಕ್ ಯೋಳ್ನಿಲ್ಲ?"

ಅವನು ತನ್ನ ಬಲಗಾಲನ್ನೇ ನೋಡುತ್ತ ಕೂತ. ತಗ್ಗಿದ ದನಿಯಲ್ಲಿ, "ಮಳವಳ್ಳಿ ಬುಟ್ಟಾಗಿಂದ ಒಂದ್ ದಿನಾನೂ ಎದ್ರುಕೆ ಇಲ್ದೆ ತುಳ್ದಿರ್ನಿಲ್ಲ ಕಣಮ್ಮಿ. ಈ ನಾಕು ದಿನ ಎದ್ರುಕೇನೇ ಇರ್ನಿಲ್ಲ. ಎಷ್ಟು ಸುಕವಾಗಿತ್ತು ಅಂತೀಯೆ!" ಎಂದ.

ಆ ಸುಖವನ್ನು ಕೊಟ್ಟವಳು ಅವಳೇ.

"ಈಗ?" ಎಂದು ಕೇಳಿದಳು.

ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಮೊಣಕೈಯವರೆಗೂ ನಡುಗುತ್ತಿದ್ದವು. ಹೊಂಬಾಳಮ್ಮ ಆ ಕೈಗಳನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನಡುಕ ನಿಲ್ಲಿಸಲು ಹೋಗಲಿಲ್ಲ.